ಚಾಕು ಪ್ರಿಯರ ಪತ್ರಿಕೆಗಳು: ಪಕ್ಕದ ಪುಟದಲ್ಲಿ ಯಾರ ಜಾಹೀರಾತಿತ್ತು?

ಇವತ್ತಿನ ಮಾತು ಚಾಕು ಬಗ್ಗೆ. ಗಾಬರಿ ಬೇಡ, ಕ್ರೈಂ ಸ್ಟೋರಿ ಅಲ್ಲ. ಚಾಕುಗಳನ್ನ ಕೂಡಿಡೋರು, ತಾವೇ ಬಡಿದು ಮಾಡೋರು, ಅಲಗಿನ ಬುಡದಲ್ಲಿರೋ ಮುದ್ರೆಯನ್ನ ಭೂತಗನ್ನಡಿ ಹಿಡಿದು ನೋಡೋರು, ಇಂಥವರಿಗಾಗಿಯೇ ಅಮೆರಿಕದಲ್ಲಿ ಐವತ್ತು ವರ್ಷಗಳಿಂದ ಪತ್ರಿಕೆಗಳು ಬರ್ತಾ ಇವೆ. ಅವು ಎಷ್ಟು ಚೆನ್ನಾಗಿದ್ದವು, ಎಲ್ಲಿ ಜಾರಿದವು, ಯಾಕೆ ಜಾರಿದವು ಅನ್ನೋದು ಇವತ್ತಿನ ವಿಷಯ. ಫೋನ್ ರಿವ್ಯೂ ನೋಡಿ ಫೋನ್ ಕೊಳ್ಳೋ ಎಲ್ಲರಿಗೂ ಈ ಕತೆಯಲ್ಲಿ ಪರಿಚಿತ ಮುಖಗಳು ಸಿಗ್ತವೆ ಅಂದ್ಕೊಂಡಿದ್ದೀನಿ.

ಕತೆ ಶುರುವಾಗೋದು ಚಾಕು ಪತ್ರಿಕೆಯಿಂದಲ್ಲ, ಒಂದು ಮಹಿಳಾ ಮಾಸಪತ್ರಿಕೆಯಿಂದ. 1950ರ ನವೆಂಬರ್‌ನಲ್ಲಿ ‘ವುಮನ್ಸ್ ಹೋಮ್ ಕಂಪ್ಯಾನಿಯನ್’ ಅನ್ನೋ ಜನಪ್ರಿಯ ಅಮೆರಿಕನ್ ಪತ್ರಿಕೆ ‘ದ ಟಾಯ್ ದಟ್ ಕಿಲ್ಸ್’ ಅಂತ ಒಂದು ಲೇಖನ ಹಾಕಿತು. ಕೊಲ್ಲುವ ಆಟಿಕೆ ಅಂತ ಅರ್ಥ. ಬರೆದವರು ಜ್ಯಾಕ್ ಹ್ಯಾರಿಸನ್ ಪೊಲ್ಲಾಕ್. ಗುಂಡಿ ಒತ್ತಿದ್ರೆ ಸ್ಪ್ರಿಂಗ್‌ನಿಂದ ಪಟ್ಟಂತ ತೆರೆದುಕೊಳ್ಳೋ ಸ್ವಿಚ್‌ಬ್ಲೇಡ್ ಚಾಕು ಹುಡುಗರ ಕೈಗೆ ಸಿಗ್ತಾ ಇದೆ, ಅಮ್ಮಂದಿರೇ ಎಚ್ಚರ, ಅನ್ನೋ ಧಾಟಿ. ಆಮೇಲೆ ಸಿನಿಮಾಗಳು ಬಂದವು. 1955ರ ‘ರೆಬೆಲ್ ವಿದೌಟ್ ಎ ಕಾಸ್’ನಲ್ಲಿ ಸ್ವಿಚ್‌ಬ್ಲೇಡ್ ಜಗಳ, 1957ರ ‘ಟ್ವೆಲ್ವ್ ಆಂಗ್ರಿ ಮೆನ್’ನಲ್ಲಿ ಇಡೀ ವಾದವೇ ಒಂದು ಸ್ವಿಚ್‌ಬ್ಲೇಡ್ ಸುತ್ತ. 1954ರಲ್ಲಿ ನ್ಯೂಯಾರ್ಕ್ ರಾಜ್ಯ ಕಾನೂನು ಮಾಡಿತು. 1958ರಲ್ಲಿ ಅಮೆರಿಕದ ಸಂಸತ್ತೇ ರಾಜ್ಯದಿಂದ ರಾಜ್ಯಕ್ಕೆ ಅವುಗಳ ವ್ಯಾಪಾರ ನಿಷೇಧಿಸಿತು.

ಸ್ಪ್ರಿಂಗ್ ಇಲ್ಲದ ಅಷ್ಟೇ ಉದ್ದದ ಮಡಚುವ ಚಾಕು ಅಂಗಡಿಯಲ್ಲಿ ಆರಾಮಾಗಿ ಸಿಗ್ತಿತ್ತು. ಗಾಯ ಮಾಡೋದು ಅಲಗು, ಸ್ಪ್ರಿಂಗ್ ಅಲ್ಲ. ಇಷ್ಟು ಸರಳ ಪ್ರಶ್ನೆಯನ್ನ ಕೇಳೋದಕ್ಕೆ, ಬೇರೆ ಬೇರೆ ಚಾಕುಗಳನ್ನ ಮೇಜಿನ ಮೇಲಿಟ್ಟು ವಿವರಿಸೋದಕ್ಕೆ ಅವತ್ತು ಒಂದು ಪತ್ರಿಕೆಯೂ ಇರಲಿಲ್ಲ. ಚಾಕು ಬಗ್ಗೆ ಗೊತ್ತಿದ್ದವರು ಇದ್ರು, ಅವರು ಬರೆಯೋದಕ್ಕೆ ಜಾಗ ಇರಲಿಲ್ಲ. ನನ್ನ ಲೆಕ್ಕದಲ್ಲಿ ಈ ಹವ್ಯಾಸದ ಬರವಣಿಗೆಯ ಇತಿಹಾಸ ಶುರುವಾಗೋದು ಆ ಖಾಲಿ ಜಾಗದಿಂದಲೇ.

ಹಾಗಂತ ಬರವಣಿಗೆ ಪೂರ್ತಿ ಇರಲೇ ಇಲ್ಲ ಅಂತಲ್ಲ. ಬೇಟೆ ಮತ್ತು ಬಂದೂಕು ಪತ್ರಿಕೆಗಳ ಹಿಂದಿನ ಪುಟಗಳಲ್ಲಿ ಆಗಾಗ ಒಂದು ಲೇಖನ, ಒಂದು ಸಣ್ಣ ಜಾಹೀರಾತು ಬರ್ತಿತ್ತು. ಫ್ಲಾರಿಡಾದ ಬೋ ರ್‍ಯಾಂಡಲ್ ಥರದವರ ಹೆಸರು ಹರಡಿದ್ದು ಹೀಗೇ. ಅವರ ಕತೆ ಸ್ವಾರಸ್ಯವಾಗಿದೆ. 1937ರಲ್ಲಿ ಮಿಶಿಗನ್‌ನ ಒಂದು ಕೆರೆ ದಡದಲ್ಲಿ ಯಾರೋ ದೋಣಿಯ ಹಳೇ ಬಣ್ಣವನ್ನ ಚಾಕುವಿನಿಂದ ಕೆರೀತಾ ಇದ್ರಂತೆ. ಅಷ್ಟು ಕೆರೆದರೂ ಹರಿತ ಹೋಗಿರಲಿಲ್ಲ. ಅದು ಬಿಲ್ ಸ್ಕೇಗಲ್ ಅನ್ನೋ ಕಮ್ಮಾರ ಮಾಡಿದ ಚಾಕು. ಅದನ್ನ ಕೊಂಡು, ನೋಡಿ, ಕಲಿತು, ರ್‍ಯಾಂಡಲ್ ತಾವೇ ಚಾಕು ಮಾಡೋಕೆ ಶುರು ಮಾಡಿದ್ರು. ಮುಂದೆ ಬಂದ ಎಷ್ಟೋ ವಿಮರ್ಶೆಗಳಿಗಿಂತ ಒಳ್ಳೇ ಪರೀಕ್ಷೆ ಇದು. ಕೆಲಸ ಕೊಡು, ಕೆಲಸ ಆದ್ಮೇಲೆ ಅಂಚು ನೋಡು.

1960ರ ದಶಕದ ಕೊನೆಗೆ ಎರಡು ಸಂಗತಿ ಆದವು. 1968ರ ಗನ್ ಕಂಟ್ರೋಲ್ ಆಕ್ಟ್ ಬಂದು, ಅಂಚೆಯಲ್ಲಿ ಬೇರೆ ರಾಜ್ಯದಿಂದ ಬಂದೂಕು ತರಿಸೋದು ಸಾಮಾನ್ಯರಿಗೆ ನಿಂತುಹೋಯ್ತು. ಚಾಕುವನ್ನ ಮಾತ್ರ ಪಾರ್ಸೆಲ್ ಮಾಡಬಹುದಿತ್ತು. ಬಂದೂಕು ಸಂಗ್ರಾಹಕರಲ್ಲಿ ಒಂದಷ್ಟು ಜನ ಚಾಕು ಕಡೆ ಹೊರಳಿದ್ದಕ್ಕೆ ಇದೂ ಕಾರಣ ಅಂತ ಹಳಬರು ಹೇಳ್ತಾರೆ. ಇನ್ನೊಂದು ಕಡೆ, ಕೈಯಿಂದ ಚಾಕು ಮಾಡೋರು ಒಟ್ಟಾದರು. ಅರ್ಕನ್ಸಾದಲ್ಲಿ 1964ರಿಂದ ಅಂಚೆಯಲ್ಲಿ ಸಾಣೆಕಲ್ಲು ಮಾರ್ತಿದ್ದ ಎ. ಜಿ. ರಸಲ್ ಅಂಥವರ ಓಡಾಟದಿಂದ 1970ರಲ್ಲಿ ನೈಫ್‌ಮೇಕರ್ಸ್ ಗಿಲ್ಡ್ ಅನ್ನೋ ಸಂಘ ಹುಟ್ಟಿತು. ತಯಾರಕರು ಸಿಕ್ಕಿದ್ರು, ಕೊಳ್ಳೋರು ಸಿಕ್ಕಿದ್ರು, ಮಧ್ಯೆ ಒಂದು ಕಾಗದ ಬೇಕಾಗಿತ್ತು. 1973ರಲ್ಲಿ ‘ದ ಅಮೆರಿಕನ್ ಬ್ಲೇಡ್’ ಬಂತು. ಇವತ್ತು ‘ಬ್ಲೇಡ್’ ಅಂತ ಕರೆಸಿಕೊಳ್ಳೋ ಪತ್ರಿಕೆ ಅದೇ. 1977ರಲ್ಲಿ ಟೆನೆಸಿಯ ನಾಕ್ಸ್‌ವಿಲ್‌ನಿಂದ ‘ನೈಫ್ ವರ್ಲ್ಡ್’ ಶುರುವಾಯ್ತು. 1980ರ ದಶಕದಿಂದ ಕೆನ್ ವಾರ್ನರ್ ಸಂಪಾದಿಸಿದ ‘ನೈವ್ಸ್’ ಅನ್ನೋ ವಾರ್ಷಿಕ ಪುಸ್ತಕವೂ ಬರೋಕೆ ಶುರುವಾಯ್ತು.

ಈ ಪತ್ರಿಕೆಗಳ ಅತ್ಯುತ್ತಮ ಕೆಲಸ ಯಾವುದು ಅಂತ ಕೇಳಿದ್ರೆ ನನ್ನ ಉತ್ತರ ಸ್ವಲ್ಪ ಬೋರಿಂಗ್ ಅನ್ನಿಸಬಹುದು. ಹೊಳೆಯೋ ಮುಖಪುಟ ಅಲ್ಲ, ಅಲಗಿನ ಬುಡದ ಮುದ್ರೆಗಳ ಬಗ್ಗೆ ಬಂದ ಲೇಖನಗಳು.

ಒಂದು ಉದಾಹರಣೆ ಕೇಳಿ. ಪೆನ್ಸಿಲ್ವೇನಿಯಾದ ಬ್ರ್ಯಾಡ್‌ಫರ್ಡ್‌ನಲ್ಲಿ ಕೇಸ್ ಅನ್ನೋ ಹಳೇ ಚಾಕು ಕಂಪನಿ ಇದೆ. 1970ರಲ್ಲಿ ಅವರು ತಮ್ಮ ಮುದ್ರೆಯ ಕೆಳಗೆ ಹತ್ತು ಚುಕ್ಕೆ ಹಾಕಿದ್ರು. ಮುಂದಿನ ವರ್ಷ ಒಂಬತ್ತು. ಆಮೇಲೆ ಎಂಟು. ವರ್ಷಕ್ಕೊಂದು ಚುಕ್ಕೆ ಕಡಿಮೆ. ಏಳು ಚುಕ್ಕೆ ಇದ್ರೆ 1973ರದ್ದು, ಒಂದೇ ಚುಕ್ಕೆ ಇದ್ರೆ 1979ರದ್ದು. ಇಷ್ಟೇ ಗುಟ್ಟು. ಆದರೆ ಈ ಗುಟ್ಟು ಗೊತ್ತಾದ ಕೂಡಲೇ ಜೇಬಿನಲ್ಲಿದ್ದ ಸಾಮಾನ್ಯ ಚಾಕುವಿಗೊಂದು ಹುಟ್ಟಿದ ವರ್ಷ ಬಂತು, ವರ್ಷ ಬಂದ ಕೂಡಲೇ ಬೆಲೆ ಬಂತು, ಬೆಲೆ ಬಂದ ಕೂಡಲೇ ನಕಲಿ ಬಂತು. ಹಳೇ ಅಲಗಿಗೆ ಹೊಸ ಹಿಡಿ, ಹೊಸ ಅಲಗಿಗೆ ಹಳೇ ಮುದ್ರೆ, ತುಕ್ಕು ಹಿಡಿಸಿ ‘ಅಜ್ಜನ ಚಾಕು’ ಅಂತ ಮಾರೋದು. ಇಲ್ಲಿ ನಿಜವಾಗಿ ಜನರ ದುಡ್ಡು ಹೋಗ್ತಾ ಇತ್ತು. ಪತ್ರಿಕೆ ಓದಿದವನಿಗೆ ಮುದ್ರೆ ಓದೋಕೆ ಬರ್ತಿತ್ತು, ಓದದವನು ಸಂತೆಯಲ್ಲಿ ಮೋಸ ಹೋಗ್ತಿದ್ದ.

‘ನೈಫ್ ವರ್ಲ್ಡ್’ನಲ್ಲಿ ಬರ್ನಾರ್ಡ್ ಲೆವಿನ್ ಅನ್ನೋರು ‘ವಟ್ ಇಝಿಟ್?’ ಅಂತ ಒಂದು ಅಂಕಣ ನಡೆಸ್ತಿದ್ರು. ‘ಇದೇನಪ್ಪಾ ಇದು?’ ಅಂತ ನಾವು ಹೇಳಬಹುದು. ಓದುಗರು ತಮ್ಮ ಹತ್ರ ಇರೋ ಗುರುತು ಸಿಗದ ಚಾಕು ಬಗ್ಗೆ ಕೇಳೋದು, ಇವರು ಯಾರು ಮಾಡಿದ್ದು, ಯಾವ ಕಾಲದ್ದು, ಯಾವ ಕೆಲಸದ್ದು ಅಂತ ಹೇಳೋದು. ಲೆವಿನ್ ಹಳೇ ಸ್ಯಾನ್ ಫ್ರಾನ್ಸಿಸ್ಕೋದ ಚಾಕು ತಯಾರಕರ ಬಗ್ಗೆ ಪುಸ್ತಕ ಬರೆದವರು, 1985ರಲ್ಲಿ ಚಾಕುಗಳ ಬೆಲೆ ಕಟ್ಟೋದಕ್ಕೆ ಒಂದು ಕೈಪಿಡಿ ತಂದವರು. ಹವ್ಯಾಸಿ ಪತ್ರಿಕೆ ಅಂದ್ರೆ ಹಗುರ ಅಂತ ಮೂಗು ಮುರಿಯೋರಿಗೆ ಇಂಥ ಅಂಕಣ ತೋರಿಸಬೇಕು ಅನ್ನಿಸುತ್ತೆ. ಕೈಗಾರಿಕಾ ಇತಿಹಾಸದ ಎಷ್ಟೋ ಸಣ್ಣ ಸಣ್ಣ ಚೂರುಗಳು ಇಲ್ಲಿ ದಾಖಲಾಗಿವೆ.

ಸರಿ, ಈಗ ಇನ್ನೊಂದು ಮುಖ. ಹಳೇ ಸಂಚಿಕೆ ಕೈಗೆ ಸಿಕ್ಕಾಗ ನನಗೊಂದು ಅಭ್ಯಾಸ ಇದೆ. ವಿಮರ್ಶೆ ಓದೋಕೆ ಮುಂಚೆ ಪಕ್ಕದ ಪುಟ ನೋಡ್ತೀನಿ. ಹೊಗಳಿಸಿಕೊಂಡ ಕಂಪನಿಯ ಜಾಹೀರಾತು ಅಲ್ಲೇ ಎಲ್ಲಾದ್ರೂ ಇದೆಯಾ ಅಂತ. ಬೇಗ ಸಿಕ್ಕಿಬಿಟ್ಟರೆ ಓದೋ ಉತ್ಸಾಹ ಅರ್ಧ ಇಳಿಯುತ್ತೆ.

ಇದಕ್ಕೆ ಯಾರೋ ಒಬ್ಬ ಸಂಪಾದಕರನ್ನ ಕಳ್ಳ ಅಂತ ಕರೆಯೋ ಅಗತ್ಯ ಇಲ್ಲ. ಲೆಕ್ಕ ನೋಡಿ. ಕಾರ್ ಪತ್ರಿಕೆಗೆ ಟೈರ್ ಕಂಪನಿ, ಬ್ಯಾಂಕ್, ಕೈಗಡಿಯಾರದವರು ಯಾರು ಬೇಕಾದರೂ ಜಾಹೀರಾತು ಕೊಡ್ತಾರೆ. ಚಾಕು ಪತ್ರಿಕೆಗೆ ಕೊಡೋರು ಚಾಕು ಕಂಪನಿ, ಸಾಣೆಕಲ್ಲಿನವರು, ಹಿಡಿಗೆ ಕೊಂಬು ಮತ್ತು ಮರ ಮಾರೋರು, ಅಷ್ಟೇ. ಓದುಗರ ಸಂಖ್ಯೆ ಸಣ್ಣದು. ವಿಮರ್ಶೆಗೆ ಬರೋ ಚಾಕುವನ್ನ ಕಳಿಸೋದು ಕಂಪನಿ. ಬರೆಯೋರು ಬಹುತೇಕ ಹವ್ಯಾಸಿಗಳು, ಮೇಳಗಳಲ್ಲಿ ಅದೇ ತಯಾರಕರ ಜೊತೆ ಕೂತು ಊಟ ಮಾಡೋರು. ಕೆಲವರು ತಯಾರಕರೂ ಹೌದು, ಬರಹಗಾರರೂ ಹೌದು. ಬಿಲ್ ಬ್ಯಾಗ್‌ವೆಲ್ ಹೆಸರುವಾಸಿ ಕಮ್ಮಾರ. 1980ರ ದಶಕದಲ್ಲಿ ‘ಸೋಲ್ಜರ್ ಆಫ್ ಫಾರ್ಚೂನ್’ ಪತ್ರಿಕೆಯಲ್ಲಿ ಅವರದ್ದೇ ಚಾಕು ಅಂಕಣ ಇತ್ತು. ಕಮ್ಮಾರನಿಗೆ ಗೊತ್ತಿರೋಷ್ಟು ಬೇರೆಯವರಿಗೆ ಗೊತ್ತಿರಲ್ಲ, ಸರಿ. ಆದರೆ ಅದೇ ಕಮ್ಮಾರ ತನ್ನ ಥರದ ಚಾಕುವೇ ಶ್ರೇಷ್ಠ ಅಂತ ಬರೆದಾಗ ಓದುಗ ಎಷ್ಟು ನಂಬಬೇಕು?

ಇದೇ ಅಮೆರಿಕದಲ್ಲಿ 1936ರಿಂದ ‘ಕನ್ಸ್ಯೂಮರ್ ರಿಪೋರ್ಟ್ಸ್’ ಬರ್ತಾ ಇದೆ. ಜಾಹೀರಾತು ತಗೊಳ್ಳಲ್ಲ, ಪರೀಕ್ಷೆ ಮಾಡೋ ವಸ್ತುವನ್ನ ಅಂಗಡಿಯಲ್ಲಿ ದುಡ್ಡು ಕೊಟ್ಟೇ ಕೊಳ್ಳೋದು. ಆ ಮಾದರಿ ಎಲ್ಲರಿಗೂ ಗೊತ್ತಿತ್ತು. ಆದರೆ ಅದಕ್ಕೆ ಚಂದಾದಾರರು ಲಕ್ಷಗಟ್ಟಲೆ ಬೇಕು. ಚಾಕು ಹುಚ್ಚರು ಅಷ್ಟು ಜನ ಇರಲಿಲ್ಲ.

ಹಾಗಾಗಿ ವಿಮರ್ಶೆಗಳಿಗೆ ಒಂದು ಭಾಷೆ ಬೆಳೀತು. ನೀವು ಗ್ಯಾಜೆಟ್ ರಿವ್ಯೂನಲ್ಲಿ ಕೇಳೋ ಭಾಷೆಯ ಅಣ್ಣ ಅದು. ಟೊಮೆಟೊ ಕತ್ತರಿಸಿತು, ಹಗ್ಗ ಕತ್ತರಿಸಿತು, ರಟ್ಟು ಕತ್ತರಿಸಿತು, ಕೈಯಲ್ಲಿ ಹಿಡಿದ್ರೆ ಹಾಯಾಗಿದೆ. ಹೊಸ ಚಾಕು ಟೊಮೆಟೊ ಕತ್ತರಿಸದೇ ಇನ್ನೇನು ಮಾಡುತ್ತೆ ಸ್ವಾಮಿ? ಗಟ್ಟಿತನಕ್ಕೆ ರಾಕ್‌ವೆಲ್ ಸಂಖ್ಯೆ ಕೊಡ್ತಾರೆ, 58, 60 ಅಂತ. ಅದು ಸಾಮಾನ್ಯವಾಗಿ ಕಂಪನಿ ಕೊಟ್ಟ ಸಂಖ್ಯೆ. ಎಷ್ಟು ಹಗ್ಗ, ಎಷ್ಟು ಸಲ, ಯಾವ ಕೋನದಲ್ಲಿ ಸಾಣೆ ಹಿಡಿದಿದ್ದು, ಪಕ್ಕದಲ್ಲಿ ಹೋಲಿಕೆಗೆ ಇನ್ನೊಂದು ಚಾಕು ಇತ್ತಾ? ಇವು ಇಲ್ಲದಿದ್ರೆ ಅದು ಪರೀಕ್ಷೆ ಆಗಲ್ಲ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಕ್ಯಾಟ್ರಾ ಅನ್ನೋ ಸಂಶೋಧನಾ ಸಂಸ್ಥೆ ಇದೆ. ಅವರ ಯಂತ್ರ ಸಿಲಿಕಾ ಮರಳು ಬೆರೆಸಿದ ರಟ್ಟಿನ ಕಟ್ಟನ್ನ ಒಂದೇ ಒತ್ತಡದಲ್ಲಿ, ಒಂದೇ ವೇಗದಲ್ಲಿ ಅಲಗಿನ ಮೇಲೆ ಆಡಿಸುತ್ತೆ, ಒಟ್ಟು ಎಷ್ಟು ರಟ್ಟು ಕತ್ತರಿಸಿತು ಅಂತ ಮಿಲಿಮೀಟರ್‌ನಲ್ಲಿ ಲೆಕ್ಕ ಕೊಡುತ್ತೆ. ಅಂದ್ರೆ ಹರಿತ ಎಷ್ಟು ಹೊತ್ತು ಬಾಳುತ್ತೆ ಅನ್ನೋದನ್ನ ಅಳೆಯೋಕೆ ದಾರಿ ಇತ್ತು. ಹವ್ಯಾಸಿ ಪತ್ರಿಕೆಗೆ ಅದರ ಖರ್ಚು ದೊಡ್ಡದು.

ಸಿನಿಮಾ ಬೇರೆ ಬಂದು ಸೇರಿಕೊಳ್ತು. 1982ರಲ್ಲಿ ‘ಫಸ್ಟ್ ಬ್ಲಡ್’ ಬಂತು, ರ್‍ಯಾಂಬೋ ಬಂದ. ಅವನ ಚಾಕು ಮಾಡಿದ್ದು ಅರ್ಕನ್ಸಾದ ಜಿಮ್ಮಿ ಲೈಲ್. ಹಿಡಿ ಟೊಳ್ಳು, ಒಳಗೆ ಬೆಂಕಿಕಡ್ಡಿ, ದಾರ, ಗಾಳ ಎಲ್ಲ ತುಂಬಿಸಿಡಬಹುದು. ಲೈಲ್ ಮಾಡಿದ್ದು ಒಳ್ಳೇ ಚಾಕುವೇ. ಅದರ ಹಿಂದೆ ಬಂದ ಅಗ್ಗದ ನಕಲುಗಳಲ್ಲಿ ಅಲಗು ಹಿಡಿಯೊಳಗೆ ಹೋಗೋದೇ ಇಲ್ಲ, ಬುಡದಲ್ಲೇ ನಿಲ್ಲುತ್ತೆ. ಒಂದು ಕೊಂಬೆ ಕಡಿಯೋಕೆ ಹೋದ್ರೆ ಅಲಗು ಒಂದು ಕಡೆ, ಹಿಡಿ ಒಂದು ಕಡೆ. 1990ರ ದಶಕಕ್ಕೆ ‘ಟ್ಯಾಕ್ಟಿಕಲ್’ ಅನ್ನೋ ಪದ ಬಂತು. ಆ ಹೆಸರಿನ ಪತ್ರಿಕೆಯೇ ಬಂತು, ‘ಟ್ಯಾಕ್ಟಿಕಲ್ ನೈವ್ಸ್’. ಕಪ್ಪು ಅಲಗು, ಕಪ್ಪು ಹಿಡಿ, ಮುಖಪುಟದಲ್ಲಿ ಯುದ್ಧದ ಮೂಡ್. ಕೊಳ್ಳೋರು ಯಾರು? ಆಫೀಸಿನಲ್ಲಿ ಪಾರ್ಸೆಲ್ ಟೇಪ್ ಕತ್ತರಿಸೋರು. ಮನೇಲಿ ಅಜ್ಜಿ ಈಳಿಗೆ ಮಣೆ ಮೇಲೆ ಕೂತು ಇಡೀ ಮದುವೆಯ ತರಕಾರಿ ಹೆಚ್ಚಿದವರು, ಅದಕ್ಕೊಂದು ಹೆಸರು ಇಟ್ಟು ಪೋಸ್ ಕೊಡಲಿಲ್ಲ ಪಾಪ. ಆದರೂ ನ್ಯಾಯವಾಗಿ ಹೇಳಬೇಕು, ಈ ಕಾಲದಲ್ಲೇ ನಿಜವಾದ ಹೊಸತುಗಳೂ ಬಂದವು. 1981ರಲ್ಲಿ ಸ್ಪೈಡರ್ಕೋ ಕಂಪನಿ ಜೇಬಿಗೆ ಸಿಕ್ಕಿಸೋ ಕ್ಲಿಪ್ ಇಟ್ಟು, ಅಲಗಿನಲ್ಲಿ ಒಂದು ದುಂಡು ತೂತು ಮಾಡಿತು. ಹೆಬ್ಬೆರಳು ಇಟ್ಟು ಒಂದೇ ಕೈಯಲ್ಲಿ ತೆರೀಬಹುದು. ಸ್ಪ್ರಿಂಗ್ ಇಲ್ಲ, ಗುಂಡಿ ಇಲ್ಲ, ಹಾಗಾಗಿ 1958ರ ಕಾನೂನಿನ ಗೊಡವೆಯೂ ಇಲ್ಲ. ಆ ಮಹಿಳಾ ಪತ್ರಿಕೆ ಎಬ್ಬಿಸಿದ ಭಯ ಮೂವತ್ತು ವರ್ಷ ಆದ್ಮೇಲೂ ಚಾಕುವಿನ ಆಕಾರವನ್ನ ತಿದ್ದುತ್ತಾ ಇತ್ತು ಅನ್ನಿ.

ಈಗ ನಮ್ಮ ಊರಿಗೆ ಬರೋಣ. ಬಲವಂತದ ಸಂಬಂಧ ಅಲ್ಲ, ನಿಜವಾಗಿ ಇದೆ.

1973ರಲ್ಲಿ, ‘ದ ಅಮೆರಿಕನ್ ಬ್ಲೇಡ್’ ಹುಟ್ಟಿದ ವರ್ಷವೇ, ಬಿಲ್ ಮೊರನ್ ಅನ್ನೋ ಕಮ್ಮಾರ ಗಿಲ್ಡ್ ಪ್ರದರ್ಶನಕ್ಕೆ ಕೆಲವು ಚಾಕು ತಂದರು. ಅಲಗಿನ ಮೇಲೆ ನೀರಿನ ಅಲೆಗಳ ಹಾಗೆ ಗೆರೆಗಳು. ಇದು ಡಮಾಸ್ಕಸ್ ಉಕ್ಕು ಅಂದ್ರು. ಮಾಡೋ ವಿಧಾನವನ್ನ ಗುಟ್ಟಾಗಿ ಇಟ್ಟುಕೊಳ್ಳದೆ ಕಿರುಪುಸ್ತಕ ಮಾಡಿ ಪುಕ್ಕಟೆ ಹಂಚಿದ್ರು. ದೊಡ್ಡ ಮನಸ್ಸು, ನಿಜ. ಅಲ್ಲಿಂದ ಡಮಾಸ್ಕಸ್ ಚಾಕು ಪತ್ರಿಕೆಗಳ ಕಣ್ಮಣಿ ಆಯ್ತು. ಫೋಟೋದಲ್ಲಿ ಅಷ್ಟು ಚಂದ ಕಾಣೋದು ಬೇರೇನೂ ಇಲ್ಲ.

ಆದರೆ ಮೊರನ್ ಮಾಡಿದ್ದು ಬೇರೆ ಬೇರೆ ಉಕ್ಕಿನ ಪಟ್ಟಿಗಳನ್ನ ಒಂದರ ಮೇಲೊಂದಿಟ್ಟು, ಕಾಯಿಸಿ, ಬಡಿದು ಬೆಸೆದ ಅಲಗು. ಹಳೇ ಕಾಲದ ಪಶ್ಚಿಮ ಏಷ್ಯಾದ ಹೆಸರಾಂತ ಡಮಾಸ್ಕಸ್ ಕತ್ತಿಗಳದ್ದು ಬೇರೆ ಕತೆ. ಅದು ಮೂಸೆಯಲ್ಲಿ ಕರಗಿಸಿ ಗಟ್ಟಿಯಾಗಿಸಿದ ಉಕ್ಕಿನ ಉಂಡೆಯಿಂದ ಬಡಿದದ್ದು, ಗೆರೆಗಳು ಲೋಹದ ಒಳಗಿಂದಲೇ ಮೂಡೋವು. ಆ ಉಂಡೆಗಳು ಹೋಗ್ತಿದ್ದದ್ದು ಬಹುಪಾಲು ನಮ್ಮ ದಕ್ಷಿಣ ಭಾರತದಿಂದ. ಇಂಗ್ಲಿಷ್‌ನಲ್ಲಿ ಅದಕ್ಕೆ ವೂಟ್ಜ್ ಅಂತಾರೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ ಪ್ರಬಂಧದಲ್ಲಿ ಆ ಪದ ಬಂತು. ನಮ್ಮ ‘ಉಕ್ಕು’ ಅನ್ನೋದೇ ಇಂಗ್ಲಿಷರ ಬಾಯಲ್ಲಿ ತಿರುಚಿ ಹಾಗಾಯ್ತು ಅನ್ನೋದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ತೆಲುಗಿನಲ್ಲೂ ಉಕ್ಕು ಅಂತಲೇ ಇದೆ, ಹಾಗಾಗಿ ಪೂರ್ತಿ ಕ್ರೆಡಿಟ್ ನಾವೊಬ್ಬರೇ ತಗೊಳ್ಳೋದು ಬೇಡ. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಹಳೇ ಮೂಸೆಗಳ ಚೂರುಗಳು ಸಿಕ್ಕಿವೆ. ಬೆಂಗಳೂರಿನ ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಈ ಉಕ್ಕಿನ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದಾರೆ.

ಎರಡು ಬೇರೆ ಬೇರೆ ವಸ್ತುಗಳಿಗೆ ಒಂದೇ ಹೆಸರು ಅಂಟಿಕೊಂಡಿತು. ಇವತ್ತಿಗೂ ಆನ್‌ಲೈನ್‌ನಲ್ಲಿ ‘ಡಮಾಸ್ಕಸ್’ ಅಂತ ಹುಡುಕಿ, ಬರೋದೆಲ್ಲ ಬೆಸೆದ ಪಟ್ಟಿ, ಇಲ್ಲವಾದ್ರೆ ಮೇಲೆ ಗೆರೆ ಕೊರೆದ ಮಾಮೂಲಿ ಉಕ್ಕು. ಕೊಳ್ಳೋನಿಗೆ ಅದು ದುಡ್ಡಿನ ಪ್ರಶ್ನೆ. ನಮಗೆ ಇನ್ನೂ ಒಂದು ಪ್ರಶ್ನೆ, ಉಕ್ಕು ಮಾಡಿದ ಊರು ಕತೆಯಿಂದ ಬಿದ್ದುಹೋಗಿ, ಕತ್ತಿ ಮಾರಿದ ಪೇಟೆಯ ಹೆಸರು ಉಳೀತು.

ಈ ಗಂಟು ಬಿಡಿಸೋಕೆ ಕೂತವರಲ್ಲಿ ಒಬ್ಬರು ಹವ್ಯಾಸದ ಲೋಕದಿಂದಲೇ ಬಂದವರು. ಅಲ್ ಪೆಂಡ್ರೆ ಫ್ಲಾರಿಡಾದಲ್ಲಿ ಕುದುರೆಗೆ ಲಾಳ ಕಟ್ಟೋ ಕಸುಬಿನವರು, ಚಾಕುವನ್ನೂ ಬಡೀತಿದ್ರು. ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಲೋಹಶಾಸ್ತ್ರಜ್ಞ ಜಾನ್ ವೆರ್‌ಹೋವೆನ್ ಜೊತೆ ಸೇರಿ ವರ್ಷಗಟ್ಟಲೆ ಮೂಸೆಯಲ್ಲಿ ಉಕ್ಕು ಕರಗಿಸಿ ನೋಡಿದ್ರು. ಅದಿರಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿರೋ ವೆನೇಡಿಯಂನಂಥ ಲೋಹಗಳಿಂದಲೇ ಆ ಅಲೆಗಳು ಮೂಡೋದು ಅಂತ ತೋರಿಸಿದ್ರು. 1998ರಲ್ಲಿ ಲೋಹವಿಜ್ಞಾನದ ಪತ್ರಿಕೆಯಲ್ಲಿ ಪ್ರಬಂಧ ಬಂತು, 2001ರ ಜನವರಿಯಲ್ಲಿ ವೆರ್‌ಹೋವೆನ್ ‘ಸೈಂಟಿಫಿಕ್ ಅಮೆರಿಕನ್’ನಲ್ಲಿ ಎಲ್ಲರಿಗೂ ಅರ್ಥ ಆಗೋ ಹಾಗೆ ಬರೆದ್ರು. ಕಮ್ಮಾರನ ಹೆಸರು ಸಂಶೋಧನಾ ಪ್ರಬಂಧದ ಲೇಖಕರ ಪಟ್ಟಿಯಲ್ಲಿ. ನನಗೆ ಈ ಇಡೀ ಕತೆಯಲ್ಲಿ ಅತಿ ಇಷ್ಟವಾದ ಸಂಗತಿ ಇದು.

ಕಮ್ಮಾರರ ಇನ್ನೊಂದು ಕೆಲಸವನ್ನೂ ಹೇಳಲೇಬೇಕು. 1976ರಲ್ಲಿ ಮೊರನ್, ಬ್ಯಾಗ್‌ವೆಲ್, ಡಾನ್ ಹೇಸ್ಟಿಂಗ್ಸ್ ಮತ್ತು ಬಿ. ಆರ್. ಹ್ಯೂಸ್ ಅನ್ನೋ ಬರಹಗಾರ ಸೇರಿ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ಕಟ್ಟಿದ್ರು. ಅವರ ಪರೀಕ್ಷೆ ಹೀಗಿದೆ. ನೀನೇ ಬಡಿದ ಚಾಕು ತಗೊಂಡು ಬಾ. ತೂಗು ಬಿಟ್ಟ ಒಂದು ಇಂಚು ದಪ್ಪದ ಹಗ್ಗವನ್ನ ಒಂದೇ ಏಟಿಗೆ ಕತ್ತರಿಸು. ಎರಡಿಂಚು-ನಾಲ್ಕಿಂಚಿನ ಮರದ ರೀಪನ್ನ ಎರಡು ಸಲ ತುಂಡು ಮಾಡು. ಇಷ್ಟಾದ ಮೇಲೂ ಅದೇ ಅಂಚಿನಿಂದ ಕೈಮೇಲಿನ ಕೂದಲು ಬೋಳಿಸು. ಕೊನೆಗೆ ಅಲಗನ್ನ ವೈಸ್‌ಗೆ ಕಚ್ಚಿಸಿ 90 ಡಿಗ್ರಿ ಬಗ್ಗಿಸು, ಮುರೀಬಾರದು. ಹಗ್ಗಕ್ಕೆ ಹರಿತ ಬೇಕು, ಮರಕ್ಕೆ ಗಟ್ಟಿತನ ಬೇಕು, ಬಗ್ಗೋದಕ್ಕೆ ಮೆದುತನ ಬೇಕು, ಮೂರನ್ನೂ ಒಂದೇ ಅಲಗಿನಲ್ಲಿ ತರೋದೇ ಕಷ್ಟ. ಯಾರು ಮಾಡಿದ್ರೂ ನಿಯಮ ಒಂದೇ, ಫೇಲಾದ್ರೆ ಎಲ್ಲರ ಕಣ್ಣೆದುರೇ ಫೇಲು. ಇಂಥ ಒಂದು ನಿಯಮಪಟ್ಟಿ ಪ್ರತಿ ವಿಮರ್ಶೆಯ ತಲೆ ಮೇಲೆ ಅಚ್ಚಾಗಿದ್ರೆ ಚಾಕು ಪತ್ರಿಕೆಗಳನ್ನ ನಾವು ಇವತ್ತು ಬೇರೆ ಥರ ನೆನೀತಿದ್ವಿ.

ಮುಂದಿನದ್ದು ನಿಮಗೆ ಗೊತ್ತಿರೋದೇ, ಬೇಗ ಹೇಳ್ತೀನಿ. ಇಂಟರ್ನೆಟ್ ಬಂತು, ಜಾಹೀರಾತು ಅಲ್ಲಿಗೆ ಹೋಯ್ತು. ‘ಟ್ಯಾಕ್ಟಿಕಲ್ ನೈವ್ಸ್’ ತರ್ತಿದ್ದ ಹ್ಯಾರಿಸ್ ಪಬ್ಲಿಕೇಷನ್ಸ್ 2016ರಲ್ಲಿ ಬಾಗಿಲು ಹಾಕಿತು. ‘ಬ್ಲೇಡ್’ನ ಆಗಿನ ಮಾಲೀಕ ಸಂಸ್ಥೆ ಎಫ್ ಪ್ಲಸ್ ಡಬ್ಲ್ಯೂ 2019ರಲ್ಲಿ ದಿವಾಳಿ ಅರ್ಜಿ ಹಾಕಿತು. ಪತ್ರಿಕೆ ಬೇರೆಯವರ ಕೈಗೆ ಹೋಗಿ ಉಳೀತು. ‘ನೈಫ್ ವರ್ಲ್ಡ್’ ‘ನೈಫ್ ಮ್ಯಾಗಜೀನ್’ ಅಂತ ಹೆಸರು ಬದಲಿಸಿಕೊಂಡು ಮುಂದುವರೀತು.

ಪತ್ರಿಕೆಗಳಿಗೆ ದುಬಾರಿಯಾಗಿದ್ದ ಆ ಪರೀಕ್ಷೆ ಏನಾಯ್ತು? ಲಾರಿನ್ ಥಾಮಸ್ ಅನ್ನೋ ಲೋಹಶಾಸ್ತ್ರಜ್ಞ ಅದನ್ನ ಮಾಡ್ತಾ ಇದ್ದಾರೆ. ಅವರ ತಂದೆ ಡೆವಿನ್ ಥಾಮಸ್ ಡಮಾಸ್ಕಸ್ ಉಕ್ಕು ಮಾಡೋರು. ಮಗ ಕ್ಯಾಟ್ರಾ ಯಂತ್ರದ ಪರೀಕ್ಷೆಯಲ್ಲಿ ಹತ್ತಾರು ಬಗೆಯ ಉಕ್ಕನ್ನ ಒಂದೇ ಕೋನದ ಅಂಚಿನಲ್ಲಿ ಹೋಲಿಸಿ ಫಲಿತಾಂಶ ಪ್ರಕಟಿಸ್ತಾರೆ. ಓದುಗರು ಚಂದಾ ಕೊಟ್ಟು ಬೆಂಬಲಿಸ್ತಾರೆ. 2020ರಲ್ಲಿ ‘ನೈಫ್ ಇಂಜಿನಿಯರಿಂಗ್’ ಅಂತ ಪುಸ್ತಕವನ್ನೂ ತಂದರು. ಅವರ ಪರೀಕ್ಷೆಗಳಲ್ಲಿ ಎದ್ದು ಕಾಣೋ ಒಂದು ಅಂಶ ಏನಂದ್ರೆ, ಅಂಚಿನ ಕೋನವನ್ನ ಕಿರಿದು ಮಾಡಿದ್ರೆ ಅದೇ ಉಕ್ಕು ತುಂಬಾ ಹೆಚ್ಚು ಹೊತ್ತು ಕತ್ತರಿಸುತ್ತೆ. ದುಬಾರಿ ಉಕ್ಕನ್ನ ದಪ್ಪ ಅಂಚಿಗೆ ಸಾಣೆ ಹಿಡಿದ್ರೆ ಕೊಟ್ಟ ದುಡ್ಡಿಗೆ ತಕ್ಕ ಕೆಲಸ ಸಿಗಲ್ಲ. ಸಾಣೆ ಹಿಡಿಯೋ ಗಾಡಿಯವರನ್ನ ಕೇಳಿದ್ರೂ ಇದೇ ಮಾತು ಬರಬಹುದೇನೋ.

2021ರಲ್ಲಿ ಥಾಮಸ್ ಅವರೇ ರೂಪಿಸಿದ ಮ್ಯಾಗ್ನಾಕಟ್ ಅನ್ನೋ ಉಕ್ಕು ಮಾರುಕಟ್ಟೆಗೆ ಬಂತು. ಪರೀಕ್ಷೆ ಮಾಡೋರೂ ಅವರೇ, ಪರೀಕ್ಷೆಗೆ ಒಳಗಾಗೋ ಉಕ್ಕಿನ ಜನಕರೂ ಅವರೇ. ಅದನ್ನ ಅವರು ಮುಚ್ಚಿಟ್ಟಿಲ್ಲ, ವಿಧಾನವನ್ನೂ ಬಿಡಿಸಿ ಬರೀತಾರೆ. ಆದರೂ ಅವರ ಕೋಷ್ಟಕ ತೆರೆದಾಗ ನನ್ನ ಕಣ್ಣು ಹಳೇ ಅಭ್ಯಾಸದಂತೆ ಮೊದಲು ಹುಡುಕೋದು ಮ್ಯಾಗ್ನಾಕಟ್ ಎಲ್ಲಿದೆ ಅಂತ. ಹರಿತ ಬಾಳಿಕೆಯ ಪಟ್ಟಿಯಲ್ಲಿ ಅದು ಮೊದಲ ಸ್ಥಾನದಲ್ಲಿಲ್ಲ.